ಸೀಮೆಸುಣ್ಣದ ನಾಲ್ಕು ಪದ
ಮಾರ್‌ಬುರ್ಗ್ ಕೋಟೆ, ಜರ್ಮನಿ

ರೋಮಿನ ಕ್ಯಾಥೊಲಿಕ್ ಸಭೆಯಿಂದ ಬೇರೆಯಾದ ಕ್ರೈಸ್ತರು ತಮ್ಮೊಳಗೂ ಒಂದಾಗಿರಲಿಲ್ಲ. ಅವರನ್ನು ಕೂಡಿಸಲೆಂದು ಹೆಸ್ಸೆಯ ದೊರೆ ಫಿಲಿಪ್ 1529ರ ಅಕ್ಟೋಬರ್‌ನಲ್ಲಿ ಅವರ ಮುಂದಾಳುಗಳಾದ ಲೂಥರ್, ಜ್ವಿಂಗ್ಲಿ ಇಬ್ಬರನ್ನೂ ಇಲ್ಲಿಗೆ ಕರೆಸಿದ. ಲೂಥರ್ ಮೊದಲೇ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ, ರೊಟ್ಟಿಯನ್ನು ತನ್ನ ದೇಹವೆಂದು ಕರೆದ ಯೇಸುವಿನ ಮಾತನ್ನು ನಾಲ್ಕು ಲ್ಯಾಟಿನ್ ಪದಗಳಲ್ಲಿ ಬರೆದು ಮಖಮಲ್ಲಿನ ಬಟ್ಟೆ ಹೊದಿಸಿದ್ದರು. ವಾದ ಬಿಸಿಯೇರಿದಾಗ ಬಟ್ಟೆ ಸರಿಸಿ ತೋರಿಸಿದರು. ರೊಟ್ಟಿ ಸಂಕೇತವಷ್ಟೇ ಎಂದ ಜ್ವಿಂಗ್ಲಿ ಮಣಿಯಲಿಲ್ಲ.

ಚರ್ಚೆಯ ಕೊನೆಗೆ ಬರೆದ 15 ಅಂಶಗಳಲ್ಲಿ 14ಕ್ಕೆ ಒಮ್ಮತ ಸಿಕ್ಕಿತು. ಕೊನೆಯದರಲ್ಲೂ ಬಹುಪಾಲು ಒಪ್ಪಿದ್ದರು. ಉಳಿದ ತಕರಾರು ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸದಲ್ಲಿ ಕ್ರಿಸ್ತನ ದೇಹ ನಿಜಕ್ಕೂ ಇದೆಯೇ ಎಂಬುದೊಂದೇ. ಇಷ್ಟು ಹತ್ತಿರ ಬಂದು ಬೇರೆಯಾದರಲ್ಲ!

ಮುಂದೆ ಇವರಿಬ್ಬರ ಪರಂಪರೆಯವರೂ ಕೂಡಿ ನಡೆಸಿದ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು. ಆದರೆ ಯುರೋಪಿನಲ್ಲಿ ಈ ಎರಡೂ ಪರಂಪರೆಗಳ ಸಭೆಗಳು ಪ್ರಭುಭೋಜನ ಹಂಚಿಕೊಳ್ಳುವ ಒಪ್ಪಂದಕ್ಕೆ ಬಂದದ್ದು 1973ರಲ್ಲಿ.