ಸುಮನಹಳ್ಳಿ ಎಂಬ ಹೆಸರಿನ ಹಿಂದೆ

ಕಲ್ಯಾಣ ನಗರದಲ್ಲಿ ಹೊರವರ್ತುಲ ರಸ್ತೆಯ ಬಸ್ಸನ್ನೇರಿ ನಾಗವಾರ, ಹೆಬ್ಬಾಳ, ಗೊರಗುಂಟೆಪಾಳ್ಯಗಳನ್ನು ದಾಟಿ ಸಾಗಿದರೆ, ಮಾಗಡಿ ರಸ್ತೆ ಸಂಧಿಸುವಲ್ಲಿ ಸುಮನಹಳ್ಳಿ ಸಿಗುತ್ತದೆ. ಅಲ್ಲಿನ ಮೇಲ್ಸೇತುವೆಗೂ ಅದೇ ಹೆಸರು. ನಗರ ನುಂಗಿದ ಹಳೆಯ ಹಳ್ಳಿಗಳಲ್ಲಿ ಇದೂ ಒಂದಿರಬೇಕೆಂದು ಪ್ರಯಾಣಿಕರು ಭಾವಿಸುವುದು ಸಹಜ. ಆದರೆ ಆ ಹೆಸರು ಬಂದದ್ದು ಕುಷ್ಠರೋಗದಿಂದ ನೊಂದವರಿಗಾಗಿ 1977ರಲ್ಲಿ ಆರಂಭವಾದ ಪುನರ್ವಸತಿ ಕೇಂದ್ರದಿಂದ. ಅಂದಿನ ಮುಖ್ಯಮಂತ್ರಿ ದೇವರಾಜ ಅರಸು ಅವರ ಆಹ್ವಾನವನ್ನು ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾಗಿದ್ದ ಪಾಕಿಯಂ ಆರೋಗ್ಯಸ್ವಾಮಿಯವರು ಒಪ್ಪಿಕೊಂಡರು. ಸರ್ಕಾರ ಜಾಗ ಕೊಟ್ಟಿತು. ಒಳ್ಳೆಯ ಮನಸ್ಸುಳ್ಳವರ ಊರು ಎಂಬುದು ಆ ಹೆಸರಿನ ಅರ್ಥ. ಅಂದು ಊರಾಚೆಯಿದ್ದ ಆ ನೆಲದ ಸುತ್ತ ಇಂದು ಊರೇ ಬೆಳೆದು ನಿಂತಿದೆ.

ರೋಗಿಗಳನ್ನು ಊರಾಚೆ ಇರಿಸಬೇಕೆಂಬ ಭಾವನೆ ಬಹಳ ಹಳೆಯದು. ಹಳೆಯ ಒಡಂಬಡಿಕೆಯ ಯಾಜಕಕಾಂಡ ಅಂಥವರನ್ನು ಪಾಳೆಯದ ಹೊರಗಿರಿಸಲು ವಿಧಿಸುತ್ತದೆ. ಆದರೆ ಅಲ್ಲಿ ಕುಷ್ಠವೆಂದು ನಾವು ಓದುವ ಹೀಬ್ರೂ ಪದ ಬಟ್ಟೆಯ ಕಲೆಗೂ ಮನೆಯ ಗೋಡೆಯ ಬೂಷ್ಟಿಗೂ ಅನ್ವಯವಾಗುತ್ತಿತ್ತು ಎಂಬುದನ್ನು ಗಮನಿಸಬೇಕು. ನಮ್ಮ ಆಯುರ್ವೇದದ ಚರಕಸಂಹಿತೆಯಲ್ಲೂ ಕುಷ್ಠವೆಂದರೆ 18 ಬಗೆಯ ಚರ್ಮವ್ಯಾಧಿಗಳು. ಇಂದಿಗೂ ನಮ್ಮಲ್ಲಿ ಕೆಲವರು ತೊನ್ನನ್ನು ಕುಷ್ಠವೆಂದು ತಿಳಿದು ದೂರ ಸರಿಯುವುದುಂಟು. ತೊನ್ನು ಅಂಟುವ ರೋಗವೇ ಅಲ್ಲ. ಹೀಗೆ ಒಂದೇ ಪದದೊಳಗೆ ಹಲವು ವ್ಯಾಧಿಗಳು ಸೇರಿ, ಅವೆಲ್ಲದರ ಭಯವೂ ಒಂದೇ ರೋಗದ ತಲೆಗೆ ಬಂದಿತು.

ಆ ಒಂದು ರೋಗದ ಸ್ವರೂಪ ತಿಳಿದದ್ದು 1873ರಲ್ಲಿ. ನಾರ್ವೆ ದೇಶದ ವೈದ್ಯ ಹ್ಯಾನ್ಸೆನ್ ಇದಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ಗುರುತಿಸಿದರು. ಇದು ಪೂರ್ವಜನ್ಮದ ಕರ್ಮಫಲವಲ್ಲ, ದೇವರ ಶಾಪವಲ್ಲ, ವಂಶಪಾರಂಪರ್ಯವೂ ಅಲ್ಲ ಎಂಬುದು ಅಂದಿನಿಂದ ಸ್ಪಷ್ಟವಾಯಿತು. ಈ ರೋಗಾಣು ಬಹಳ ನಿಧಾನವಾಗಿ ವೃದ್ಧಿಸುತ್ತದೆ. ದೇಹವನ್ನು ಸೇರಿದ ಮೇಲೆ ಲಕ್ಷಣ ತೋರಲು ಸರಾಸರಿ 5 ವರ್ಷ, ಕೆಲವೊಮ್ಮೆ 20 ವರ್ಷವೂ ಬೇಕು. ಬಹುಪಾಲು ಜನರಲ್ಲಿ ಇದನ್ನು ತಡೆಯುವ ಸಹಜ ಶಕ್ತಿಯಿದೆ. ಚಿಕಿತ್ಸೆ ಪಡೆಯದ ರೋಗಿಯೊಡನೆ ದೀರ್ಘಕಾಲ ಒಡನಾಡಿದರೆ ಮಾತ್ರ ಹರಡುವ ಸಂಭವವಿದೆ. ಕೈಕುಲುಕಿದರೆ, ಜೊತೆಗೆ ಕುಳಿತು ಉಂಡರೆ ಅಂಟುವುದಿಲ್ಲ.

ಬೆರಳುಗಳು ಕೊಳೆತು ಉದುರುತ್ತವೆ ಎಂಬುದೂ ತಪ್ಪು ಕಲ್ಪನೆ. ರೋಗಾಣು ನರಗಳನ್ನು ಹಾಳುಮಾಡುವುದರಿಂದ ಕೈಕಾಲುಗಳು ಸ್ಪರ್ಶಜ್ಞಾನ ಕಳೆದುಕೊಳ್ಳುತ್ತವೆ. ಬಿಸಿ ಪಾತ್ರೆ ಸುಟ್ಟರೂ ಅರಿವಿಲ್ಲ, ಮುಳ್ಳು ಹೊಕ್ಕರೂ ನೋವಿಲ್ಲ. ನೋವಿಲ್ಲದ ಗಾಯಕ್ಕೆ ಆರೈಕೆಯೂ ಇಲ್ಲ. ಅದು ಹುಣ್ಣಾಗಿ, ಮೂಳೆಯನ್ನು ಸವೆಸಿ, ಅಂಗವನ್ನು ಕುಂದಿಸುತ್ತದೆ. ನಾವು ದಿನವೂ ಶಪಿಸುವ ನೋವು ಎಷ್ಟು ದೊಡ್ಡ ಕಾವಲುಗಾರ ಎಂಬುದನ್ನು ಈ ರೋಗಿಗಳೇ ಬಲ್ಲರು.

ಪರಿಣಾಮಕಾರಿ ಔಷಧವಿಲ್ಲದ ಕಾಲದಲ್ಲಿಯೇ ಕೆಲವರು ಇವರ ಬಳಿಗೆ ಹೋದರು. ಮಂಗಳೂರಿನ ಕಂಕನಾಡಿಯಲ್ಲಿ ಯೇಸುಸಭೆಯ ಜರ್ಮನ್ ಗುರು ಅಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪತಿ ಔಷಧಾಲಯ ತೆರೆದರು; 1890ರಲ್ಲಿ ಅಲ್ಲಿ ಕುಷ್ಠರೋಗಿಗಳ ಆಶ್ರಯಧಾಮ ಎದ್ದಿತು. ಅದರ ಹಿಂದಿನ ವರ್ಷವಷ್ಟೇ, 1889ರಲ್ಲಿ, ಮೊಲೊಕೈ ದ್ವೀಪದಲ್ಲಿ ರೋಗಿಗಳ ಸೇವೆಗೈದು ತಾವೂ ಅದೇ ರೋಗಕ್ಕೆ ತುತ್ತಾದ ಸಂತ ಡಾಮಿಯನ್ ಕಣ್ಮುಚ್ಚಿದ್ದರು.

1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಹು ಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಹಲವು ಔಷಧಗಳನ್ನು ಕೂಡಿಸಿ 6 ಅಥವಾ 12 ತಿಂಗಳು ನೀಡಿದರೆ ರೋಗ ಗುಣವಾಗುತ್ತದೆ. ಆದರೂ ಕಾನೂನಿಗೆ ಈ ಸುದ್ದಿ ತಲುಪಲು ಎಷ್ಟು ಕಾಲ ಹಿಡಿಯಿತು ನೋಡಿ. 1898ರ ಕುಷ್ಠರೋಗಿಗಳ ಕಾಯಿದೆ ರದ್ದಾದದ್ದು 2016ರಲ್ಲಿ. ಕ್ರೈಸ್ತರಿಗೆ ಅನ್ವಯಿಸುವ ವಿಚ್ಛೇದನ ಕಾಯಿದೆಗೆ 2001ರಲ್ಲಿ ತಿದ್ದುಪಡಿ ತಂದಾಗ, ಮದ್ದು ದೊರೆತು 20 ವರ್ಷಗಳಾಗಿದ್ದರೂ, ಗುಣವಾಗದ ಕುಷ್ಠವೂ ವಿಚ್ಛೇದನಕ್ಕೆ ಕಾರಣವೆಂದು ಬರೆಯಲಾಯಿತು. 2019ರಲ್ಲಷ್ಟೇ ಆ ಮಾತನ್ನು ಇತರ ವಿವಾಹ ಕಾಯಿದೆಗಳಿಂದಲೂ ಸೇರಿ ತೆಗೆದುಹಾಕಲಾಯಿತು.

ರಾಷ್ಟ್ರಮಟ್ಟದಲ್ಲಿ ರೋಗದ ಪ್ರಮಾಣ 10,000 ಮಂದಿಗೆ ಒಬ್ಬರಿಗಿಂತ ಕೆಳಗಿಳಿಯಿತೆಂದು 2005ರ ಕೊನೆಯಲ್ಲಿ ಭಾರತ ಸಾರಿತು. ಇದನ್ನು ರೋಗವೇ ಇಲ್ಲವಾಯಿತೆಂದು ಹಲವರು ತಿಳಿದರು. ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಈಗಲೂ ನಮ್ಮ ದೇಶದವರೇ. ಆದ್ದರಿಂದ ಮನೆಯಲ್ಲಿ ಯಾರಿಗಾದರೂ ಸ್ಪರ್ಶವರಿಯದ ತಿಳಿಬಣ್ಣದ ಅಥವಾ ಕೆಂಪು ಮಚ್ಚೆ ಕಂಡರೆ ಮರೆಮಾಚದೆ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಔಷಧ ಉಚಿತ, ಬೇಗ ಆರಂಭಿಸಿದರೆ ಅಂಗಹೀನತೆಯೂ ತಪ್ಪುತ್ತದೆ.

ತನ್ನೆದುರು ಮಂಡಿಯೂರಿದ ಕುಷ್ಠರೋಗಿಯನ್ನು ಯೇಸುಸ್ವಾಮಿ ಬರಿಯ ಮಾತಿನಿಂದಲೇ ಗುಣಪಡಿಸಬಹುದಾಗಿತ್ತು. ಆದರೆ ಅವರು ಕೈಚಾಚಿ ಮುಟ್ಟಿದರೆಂದು ಸಂತ ಮಾರ್ಕನು ಬರೆಯುತ್ತಾನೆ. ಆತನನ್ನು ಯಾರೂ ಮುಟ್ಟದೆ ಎಷ್ಟು ವರ್ಷಗಳಾಗಿದ್ದವೋ! ರೋಗಕ್ಕೆ ಮದ್ದು ಇಂದು ಆರೋಗ್ಯ ಕೇಂದ್ರದಲ್ಲಿದೆ. ಗುಣಹೊಂದಿ ಬಂದವರಿಗೆ ಪೂಜೆಯ ವೇಳೆ ನಮ್ಮ ಪಕ್ಕದಲ್ಲಿ, ಮನೆಯಲ್ಲಿ ನಮ್ಮ ಊಟದ ಸಾಲಿನಲ್ಲಿ ಸ್ಥಳವಿದೆಯೇ? ಮುಂದಿನ ಸಲ ಬಸ್ಸು ಸುಮನಹಳ್ಳಿಯನ್ನು ದಾಟುವಾಗ ಇದನ್ನೊಮ್ಮೆ ನಮ್ಮನ್ನೇ ಕೇಳಿಕೊಳ್ಳೋಣ.