ಅರವತ್ತು ಲಕ್ಷದ ಸಾಲ, ಗುರುವಾರದ ಸಂತೆ

ಕಲಬುರಗಿ, ಬೀದರ, ರಾಯಚೂರು ಕಡೆಯಿಂದ ಹೈದರಾಬಾದಿಗೆ ಓದಲೋ ದುಡಿಯಲೋ ಬಂದವರಿಗೆ ಮೊದಲ ತಿಂಗಳೇ ಒಂದು ಪ್ರಶ್ನೆ ಎದುರಾಗುತ್ತದೆ. ಬಾಡಿಗೆ ಮನೆಗೆ ಮಂಚ, ಫ್ರಿಜ್, ವಾಷಿಂಗ್ ಮಷಿನ್ ಬೇಕು. ಕೈಯಲ್ಲಿರುವಷ್ಟು ದುಡ್ಡಿಗೆ ಹಳೆಯದನ್ನು ತರುವುದೋ, ಹೊಸದನ್ನು ಕಂತಿನ ಮೇಲೆ ತರುವುದೋ? ಇದು ಇಎಂಐ ಕಾಲದ ಪೇಚಾಟ ಅನ್ನಿಸಬಹುದು. ಆದರೆ ಈ ಎರಡು ದಾರಿಗಳೂ ಈ ಊರಿಗೆ ಹಳೆಯ ಪರಿಚಯ.

ಮೊದಲು ಹಳೆಯ ಸಾಮಾನಿನ ದಾರಿ. ಮೂಸಿ ನದಿಗೆ 1578ರಲ್ಲಿ ಕಟ್ಟಿದ ಪುರಾನಾಪುಲ್ ಸೇತುವೆಯ ಹತ್ತಿರ ಜುಮೇರಾತ್ ಬಜಾರ್ ಇದೆ. ಉರ್ದುವಿನಲ್ಲಿ ಜುಮೇರಾತ್ ಎಂದರೆ ಗುರುವಾರ. ಕುರ್ಚಿ, ಕಪಾಟು, ಬಟ್ಟೆ, ಹತ್ಯಾರು ಎಲ್ಲವೂ ಅಲ್ಲಿ ನೆಲದ ಮೇಲೆ ಹರಡಿಕೊಂಡಿರುತ್ತವೆ. ಎರ್ರಗಡ್ಡದ ಭಾನುವಾರದ ಸಂತೆಯೂ ಇಂಥದ್ದೇ. 1949ರಲ್ಲಿ ಜಹಗೀರುಗಳು ರದ್ದಾದ ಮೇಲೆ ನವಾಬರ ದೇವಡಿಗಳ ಬೀಟೆ ಮರದ ಪೀಠೋಪಕರಣ, ಗಾಜಿನ ದೀಪ, ಪಿಂಗಾಣಿ ಕೂಡ ಹರಾಜಿಗೆ ಬಂದವು. ಹರಾಜು ಎಂಬ ಮಾತೇ ಅರಬ್ಬಿಯಿಂದ ಉರ್ದುವಿಗೆ, ಅಲ್ಲಿಂದ ನಮ್ಮ ಬಾಯಿಗೆ ಬಂದದ್ದು.

ಈ ಸಂತೆಯಲ್ಲಿ ಗ್ಯಾರಂಟಿ ಇಲ್ಲ. ಇವತ್ತು ತಣ್ಣಗಿದ್ದ ಫ್ರಿಜ್ ನಾಳೆ ಕೆಟ್ಟರೆ ಕೇಳುವವರಿಲ್ಲ. ಆದರೆ ಬೆಲೆ ಒಂದೇ ಅಂಕಿ. ತಟ್ಟಿ ನೋಡಿ, ಚೌಕಾಸಿ ಮಾಡಿ, ಎಣಿಸಿ ಕೊಟ್ಟು ಬಂದರೆ ಲೆಕ್ಕ ಮುಗಿಯಿತು.

ಸಾಲದ ದಾರಿಯಲ್ಲಿ ಬೆಲೆ ಹೀಗೆ ಬಿಚ್ಚಿಕೊಂಡಿರುವುದಿಲ್ಲ. ಅದರ ಅತಿ ದೊಡ್ಡ ಪಾಠ ಕಲಿತದ್ದು ಈ ಊರಿನ ದರ್ಬಾರೇ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬ್ರಿಟಿಷ್ ರೆಸಿಡೆನ್ಸಿಯ ಆಶ್ರಯದಲ್ಲಿ ವಿಲಿಯಂ ಪಾಮರ್ ಕಂಪನಿ ಎಂಬ ಸಾಹುಕಾರಿ ಸಂಸ್ಥೆ ಇಲ್ಲಿ ಬೆಳೆಯಿತು. ಬ್ರಿಟಿಷ್ ಅಧಿಕಾರಿಗಳ ಕೈಕೆಳಗಿದ್ದ ಸೈನ್ಯದ ಸಂಬಳಕ್ಕೆ ನಿಜಾಮನ ಸರ್ಕಾರ ಪಾಮರ್ ಕಂಪನಿಯಿಂದ ದುಬಾರಿ ಬಡ್ಡಿಗೆ ಹಣ ಎತ್ತುತ್ತಿತ್ತು. 1820ರಲ್ಲಿ ಅರವತ್ತು ಲಕ್ಷ ರೂಪಾಯಿಯ ಹೊಸ ಸಾಲವಾಯಿತು. ಆಗ ರೆಸಿಡೆಂಟ್ ಆಗಿ ಬಂದ ಚಾರ್ಲ್ಸ್ ಮೆಟ್ಕಾಫ್ ಲೆಕ್ಕ ಕೆದಕಿದ. ಅರವತ್ತರಲ್ಲಿ ಎಂಟು ಲಕ್ಷ ದರ್ಬಾರಿನ ಕೈಗೆ ಬಂದೇ ಇರಲಿಲ್ಲ, ಅದು ಕಂಪನಿಯ ಪಾಲುದಾರರ ಬೋನಸ್ಸು. ಬರೆದ ಸಾಲ ಬೇರೆ, ಸಿಕ್ಕ ಹಣ ಬೇರೆ.

ಪಾಮರ್ ಸಾಲ ತೀರಿಸಲು 1823ರಲ್ಲಿ ನಿಜಾಮ ಉತ್ತರ ಸರ್ಕಾರುಗಳಿಂದ ತನಗೆ ಬರಬೇಕಿದ್ದ ವರ್ಷಕ್ಕೆ ಏಳು ಲಕ್ಷದ ಪೇಷ್ಕಷ್ ಹಕ್ಕನ್ನು ಒಂದು ಕೋಟಿ ಹದಿನಾರು ಲಕ್ಷ ಚಿಲ್ಲರೆಗೆ ಈಸ್ಟ್ ಇಂಡಿಯಾ ಕಂಪನಿಗೆ ಶಾಶ್ವತವಾಗಿ ಬಿಟ್ಟುಕೊಟ್ಟ. ಸೈನ್ಯದ ಖರ್ಚು ಮಾತ್ರ ನಿಲ್ಲಲಿಲ್ಲ. ಈ ಸಲ ಸಾಲಗಾರ ಈಸ್ಟ್ ಇಂಡಿಯಾ ಕಂಪನಿಯೇ ಆಯಿತು. 1853ರಲ್ಲಿ ಆ ಬಾಕಿಗೆ ಬೇರಾರ್, ನಳದುರ್ಗ ಮತ್ತು ಕೃಷ್ಣಾ ತುಂಗಭದ್ರೆಗಳ ನಡುವಿನ ರಾಯಚೂರು ದೋಆಬ್ ಕಂಪನಿಯ ವಶಕ್ಕೆ ಹೋದವು. ನಮ್ಮ ಎಡೆದೊರೆ ನಾಡು ಏಳು ವರ್ಷ ಒತ್ತೆಯ ಸಾಮಾನಾಗಿತ್ತು. 1860ರಲ್ಲಿ ರಾಯಚೂರು, ನಳದುರ್ಗ ಮರಳಿ ಬಂದವು. ಬೇರಾರ್ ಬರಲಿಲ್ಲ.

ರಾಜನ ಸಾಲಕ್ಕೂ ಮನೆಯ ಫ್ರಿಜ್ಜಿಗೂ ಏನು ಸಂಬಂಧ ಎಂದರೆ, ಕರಾರು ಒಂದೇ ಬಗೆಯದು. 1856ರ ಹೊತ್ತಿಗೆ ಅಮೆರಿಕದ ಸಿಂಗರ್ ಕಂಪನಿ ಹೊಲಿಗೆ ಯಂತ್ರವನ್ನು ಕಂತಿನ ಮೇಲೆ ಕೊಡಲು ಶುರುಮಾಡಿತು. ಆಮೇಲೆ ಆ ಪದ್ಧತಿ ಭಾರತಕ್ಕೂ ಬಂತು. ಇಂಗ್ಲೆಂಡಿನಲ್ಲಿ ಒಬ್ಬ ಕಂತಿನ ಮೇಲೆ ಪಿಯಾನೋ ತಂದು, ಕಂತು ಮುಗಿಯುವ ಮೊದಲೇ ಗಿರವಿ ಇಟ್ಟ. 1895ರಲ್ಲಿ ಹೆಲ್ಬಿ ಮತ್ತು ಮ್ಯಾಥ್ಯೂಸ್ ಮೊಕದ್ದಮೆಯಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು: ಪಿಯಾನೋ ಇನ್ನೂ ಕೊಟ್ಟವನದೇ. ಅಂದರೆ ಬಾಡಿಗೆ ಖರೀದಿಯಲ್ಲಿ ಕೊನೆಯ ಕಂತಿನವರೆಗೂ ಸಾಮಾನು ನಮ್ಮ ಮನೆಯಲ್ಲಿರುತ್ತದೆ, ನಮ್ಮದಾಗಿರುವುದಿಲ್ಲ. ಭಾರತದಲ್ಲಿ ಇಂಥ ವ್ಯವಹಾರಕ್ಕೆ ಕಟ್ಟು ಹಾಕಲು 1972ರಲ್ಲಿ ಕಾಯ್ದೆ ಮಾಡಿದರು. ಅದು ಒಂದು ದಿನವೂ ಜಾರಿಗೆ ಬರಲಿಲ್ಲ. 2005ರಲ್ಲಿ ರದ್ದಾಯಿತು.

ಈಗಿನ ಇಎಂಐ ಬಹುಪಾಲು ನೇರ ಸಾಲ. ಸಾಮಾನು ನಮ್ಮದೇ, ಬೆಲೆ ಮಾತ್ರ ಮರೆಯಲ್ಲಿ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲಿ ಬ್ಯಾಂಕುಗಳಿಗೆ ಹೇಳಿತು. ಹೆಸರು ಬದಲಾಗಿ ನೋ ಕಾಸ್ಟ್ ಇಎಂಐ ಬಂತು. ಒಂದು ಲೆಕ್ಕ ಹಾಕೋಣ. 24,000 ರೂಪಾಯಿಯ ಫ್ರಿಜ್, ತಿಂಗಳಿಗೆ 2,000ದಂತೆ ಹನ್ನೆರಡು ಕಂತು. ನಗದು ಕೊಟ್ಟಿದ್ದರೆ 1,500 ರಿಯಾಯಿತಿ ಸಿಗುತ್ತಿತ್ತು, ಕಂತಿಗಾಗಿ 500 ಪ್ರೊಸೆಸಿಂಗ್ ಫೀ ಕಟ್ಟಿದಿರಿ ಎನ್ನಿ. ಆಗ ನೀವು ನಿಜವಾಗಿ ಪಡೆದ ಸಾಲ 22,000, ತೀರಿಸುವುದು 24,000. ಅಸಲು ತಿಂಗಳು ತಿಂಗಳೂ ಕರಗುವುದರಿಂದ ಬಡ್ಡಿ ವರ್ಷಕ್ಕೆ ಶೇಕಡಾ 16ರ ಆಸುಪಾಸು. ಪಾಮರ್ ಕಂಪನಿಯ ಎಂಟು ಲಕ್ಷದ ಕಥೆಯೇ ಇದು, ಅಳತೆ ಮಾತ್ರ ಸಣ್ಣದು.

ಹಾಗಂತ ಕಂತೆಲ್ಲ ಕೆಟ್ಟದ್ದಲ್ಲ. ಹೊಲಿಗೆ ಯಂತ್ರ ತನ್ನ ಕಂತನ್ನು ತಾನೇ ದುಡಿದು ಕಟ್ಟುತ್ತಿತ್ತು. ಕೆಲಸಕ್ಕೆ ಬೇಕಾದ ಲ್ಯಾಪ್‌ಟಾಪಿಗೂ ಆ ಮಾತು ಸಲ್ಲುತ್ತದೆ. ಮಂಚ, ಮೇಜು, ಕಪಾಟು ದುಡಿಯುವುದಿಲ್ಲ. ವರ್ಷಕ್ಕೊಮ್ಮೆ ಮನೆ ಬದಲಿಸುವವರಿಗೆ ಅವನ್ನು ಹಳೆಯದಾಗಿ ಕೊಂಡರೆ ನಷ್ಟ ಕಡಿಮೆ, ಹೋಗುವಾಗ ಅದೇ ಸಂತೆಗೆ ಮಾರಿದರೂ ಒಂದಿಷ್ಟು ದುಡ್ಡು ಮರಳುತ್ತದೆ. ಮೋಟರು, ಕಂಪ್ರೆಸರ್ ಇರುವ ಸಾಮಾನಿಗೆ ಮಾತ್ರ ಎರಡು ಸಲ ಯೋಚಿಸಬೇಕು.

ಶೋರೂಮಿಗೆ ಹೋದರೆ ಕಂತು ಎಷ್ಟು ಎಂದು ಕೇಳುವ ಮೊದಲು ನಗದು ಬೆಲೆ ಎಷ್ಟು ಎಂದು ಕೇಳಿ, ಎಲ್ಲ ಕಂತು, ಎಲ್ಲ ಫೀ ಕೂಡಿಸಿ ಪಕ್ಕದಲ್ಲಿ ಬರೆದುಕೊಳ್ಳಿ. ಹಳೆಯದನ್ನು ಕೊಳ್ಳುವಾಗ ಪ್ಲಗ್ ಹಾಕಿಸಿ ಅರ್ಧ ಗಂಟೆ ಓಡಿಸಿ ನೋಡಿ. ಬಿಲ್ಲನ್ನೂ ಕೇಳಿ. ಇನ್ನೊಬ್ಬರ ಕಂತು ಮುಗಿಯದ ಪಿಯಾನೋ ನಿಮ್ಮ ಮನೆಗೆ ಬರಬಾರದಲ್ಲ.