ಯೂನಿಯನ್ ಫೈರ್ ಕಂಪನಿ
ಅಮೆರಿಕದ ಫಿಲಡೆಲ್ಫಿಯಾದಲ್ಲಿ 1736ರ ಡಿಸೆಂಬರ್ 7ರಂದು ಸ್ಥಾಪನೆಯಾದ ಸ್ವಯಂಸೇವಕ ಅಗ್ನಿಶಾಮಕ ಸಂಘ. ಬೆಂಜಮಿನ್ ಫ್ರಾಂಕ್ಲಿನ್ (1706–1790) ಇದರ ಸ್ಥಾಪಕರಲ್ಲಿ ಪ್ರಮುಖ. ಬೆಂಕಿಯ ಅಪಾಯದ ಬಗ್ಗೆ ಆತ ತನ್ನ ಪತ್ರಿಕೆ ಪೆನ್ಸಿಲ್ವೇನಿಯಾ ಗೆಜೆಟ್‌ನಲ್ಲಿ ಮೊದಲೇ ಬರೆದು ಜನರನ್ನು ಎಚ್ಚರಿಸಿದ್ದ. ಹುಟ್ಟೂರು ಬಾಸ್ಟನ್ನಿನಲ್ಲಿದ್ದ ಇಂಥದೇ ಸಂಘ ಅವನಿಗೆ ಮಾದರಿಯಾಯಿತು.

ಸಂಘದ ನಿಯಮಾವಳಿಯೇ ಆ ಕಾಲದ ಊರಿನ ಜೀವಂತ ಚಿತ್ರ. ಪ್ರತಿ ಸದಸ್ಯನೂ ಸ್ವಂತ ಖರ್ಚಿನಲ್ಲಿ ಚರ್ಮದ ಬಕೆಟ್‌ಗಳನ್ನೂ ಬಾಯಿಗೆ ದಾರವಿದ್ದ ದೊಡ್ಡ ಬಟ್ಟೆಯ ಚೀಲಗಳನ್ನೂ ಸಿದ್ಧವಾಗಿಡಬೇಕು. ಅವುಗಳ ಮೇಲೆ ಹೆಸರಿನ ಮೊದಲಕ್ಷರಗಳಿರಬೇಕು. ಬಕೆಟ್ ನೀರಿಗೆ, ಚೀಲ ಉರಿಯುವ ಮನೆಯ ಸಾಮಾನು ಹೊರತರಲು. ಕೆಲವರು ಬೆಂಕಿಯೊಡನೆ ಹೋರಾಡಿದರೆ, ಕೆಲವರು ಬಾಗಿಲಲ್ಲಿ ನಿಂತು ಕಳ್ಳರಿಂದ ಸಾಮಾನು ಕಾಯುತ್ತಿದ್ದರು. ಈ ಕಾವಲು ನೀರು ಹೊರುವಷ್ಟೇ ಮುಖ್ಯವಾಗಿತ್ತು. ಸಭೆಗೆ ಬಾರದವರ ದಂಡದ ಹಣದಿಂದ ಪಂಪು, ಏಣಿ, ಕೊಕ್ಕೆಗಳನ್ನು ಕೊಳ್ಳುತ್ತಿದ್ದರು.

ಸದಸ್ಯರ ಮಿತಿ ಮೂವತ್ತು. ಉಳಿದ ಆಸಕ್ತರು ಬೇರೆ ಸಂಘಗಳನ್ನು ಕಟ್ಟಿದರು. ಸಂಬಳವಿಲ್ಲದೆ ನೆರೆಯವರ ಮನೆಗಾಗಿ ಓಡಿದ ಈ ಜನರ ಋಣ ಆ ಊರಿನ ಮೇಲೆ ದೊಡ್ಡದು. 1752ರಲ್ಲಿ ಫ್ರಾಂಕ್ಲಿನ್ ಮತ್ತು ಸಂಗಡಿಗರು ಅಗ್ನಿ ವಿಮಾ ಸಂಸ್ಥೆಯನ್ನೂ ಆರಂಭಿಸಿದರು. ಫಿಲಡೆಲ್ಫಿಯಾದಲ್ಲಿ ಸಂಬಳದ ಅಗ್ನಿಶಾಮಕ ಇಲಾಖೆ ಬಂದದ್ದು 1871ರಲ್ಲಿ.